ದೇವಸಮುದ್ರಕ್ಕೆ ವಿಧಾನಸೌಧ ಎಷ್ಟು ದೂರ?

ಚಿತ್ರದುರ್ಗ ಜಿಲ್ಲೆಯ ಭೂಪಟವನ್ನು ಬಿಡಿಸಿಕೊಂಡು ಕುಳಿತವರ ಕಣ್ಣು ಕಲ್ಲಿನ ಕೋಟೆಯ ಬಳಿಯೋ ವಾಣಿವಿಲಾಸ ಸಾಗರದ ಬಳಿಯೋ ನಿಲ್ಲುವುದೇ ಹೆಚ್ಚು. ಉತ್ತರದ ತುತ್ತತುದಿಗೆ ಹೋಗುವುದು ಅಪರೂಪ. ಅಲ್ಲಿ, ಬಳ್ಳಾರಿಯ ಸೀಮೆಗೂ ಆಂಧ್ರದ ರಾಯದುರ್ಗದ ಸೀಮೆಗೂ ನಡುವೆ ಬೆಣೆ ಹೊಡೆದಂತೆ ಮೊಳಕಾಲ್ಮುರು ತಾಲ್ಲೂಕು ಚಾಚಿಕೊಂಡಿದೆ. ದೇವಸಮುದ್ರ ಆ ತಾಲ್ಲೂಕಿನ ಒಂದು ಹೋಬಳಿ. ಕೆರೆಯನ್ನು ಸಮುದ್ರವೆಂದು ಕರೆದು ಸಂತೋಷಪಡುವುದು ಕನ್ನಡ ನಾಡಿನ ಹಳೆಯ ವಾಡಿಕೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಹೆಸರು ಪರಿಹಾಸ್ಯದಂತೆ ಕೇಳಿಸಿದರೆ ಅದು ಹೆಸರಿಟ್ಟವರ ತಪ್ಪಲ್ಲ. ಮುಗಿಲನ್ನು ನಂಬಿ ಶೇಂಗಾ ಬಿತ್ತುವ ರೈತರ ನೆಲವಿದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಇದು ತಿರುಗುಮುರುಗು. ಬಟ್ಟೆಬರೆಗೆ, ಆಸ್ಪತ್ರೆಗೆ ಬಳ್ಳಾರಿ ಹತ್ತಿರ. ಜಿಲ್ಲಾ ಕಚೇರಿಯ ಕೆಲಸಕ್ಕೆ ದೂರದ ಚಿತ್ರದುರ್ಗ. ಅದಕ್ಕೂ ಮೀರಿದ್ದಕ್ಕೆ ಬೆಂಗಳೂರು.

ರಸ್ತೆಯ ದೂರವನ್ನು ಅಳೆಯಲು ಮೈಲಿಗಲ್ಲುಗಳಿವೆ. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಣ ದೂರವನ್ನು ಅಳೆಯುವ ಕಲ್ಲು ಎಲ್ಲಿದೆ? ಕಾಲ ಕಳೆದಂತೆ ಪ್ರಜೆಗಳ ಸರ್ಕಾರ ಪ್ರಜೆಗಳಿಗೆ ಹತ್ತಿರವಾಗುತ್ತಿದೆಯೋ, ದೂರ ಸರಿಯುತ್ತಿದೆಯೋ ಎಂಬ ಪ್ರಶ್ನೆ ಈಗ ಅಮೆರಿಕದಂಥ ಹಳೆಯ ಪ್ರಜಾಪ್ರಭುತ್ವದಲ್ಲಿಯೂ ಬಿಸಿಬಿಸಿ ಚರ್ಚೆಯ ವಸ್ತು. ಅದೇ ಪ್ರಶ್ನೆಯನ್ನು ದೇವಸಮುದ್ರದ ಕಟ್ಟೆಯ ಮೇಲೆ ಕುಳಿತು ಕೇಳಿದರೆ ಬರುವ ಉತ್ತರ ಅಷ್ಟು ಸರಳವಾಗಿಲ್ಲ. ಹಿಂದಿಗಿಂತ ಇಂದು ಸಮಾನತೆ ಹೆಚ್ಚಿದೆ ಎನ್ನುವವನೂ ಸುಳ್ಳು ಹೇಳುತ್ತಿಲ್ಲ. ಹಿಂದಿಗಿಂತ ಇಂದು ನಮ್ಮ ಮಾತು ಕೇಳುವವರು ಕಡಮೆಯಾಗಿದ್ದಾರೆ ಎನ್ನುವವನೂ ಸುಳ್ಳು ಹೇಳುತ್ತಿಲ್ಲ.

ಬಂಡೆಯ ಮೇಲಿನ ಅಪ್ಪಣೆ

ಈ ತಾಲ್ಲೂಕಿಗೆ ಸರ್ಕಾರವೆಂಬುದು ಹೊಸತಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದಾಗ ವಿದ್ವಾಂಸರು ಬೆರಗಾದರು. ಶಾಸನದ ಒಕ್ಕಣೆ ನಮ್ಮ ಕಚೇರಿಯ ಕಾಗದಗಳನ್ನು ಬಲ್ಲವರಿಗೆ ಅಪರಿಚಿತವೆನಿಸದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅವನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸಿ, ಬಳಿಕ ಚಕ್ರವರ್ತಿಯ ಅಪ್ಪಣೆಯನ್ನು ತಿಳಿಸುತ್ತಾರೆ. ಪಾಟಲಿಪುತ್ರದಿಂದ ಸುವರ್ಣಗಿರಿಗೆ, ಸುವರ್ಣಗಿರಿಯಿಂದ ಇಸಿಲಕ್ಕೆ, ಇಸಿಲದಿಂದ ಬಂಡೆಗೆ. ಸರ್ಕಾರ ಮೇಲಿನಿಂದ ಕೆಳಕ್ಕೆ ಇಳಿಯುವ ದಾರಿ ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಕಲ್ಲಿನಲ್ಲಿ ಮೂಡಿತ್ತು.

ಆ ಬಂಡೆಯಲ್ಲಿ ಇನ್ನೊಂದು ವಿಶೇಷವೂ ಉಂಟು. ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲ ಎಂಬ ಆಶಯವನ್ನು ಚಕ್ರವರ್ತಿ ಅಲ್ಲಿ ಸಾರಿದ್ದಾನೆ. ಅದು ಸ್ವರ್ಗಕ್ಕೆ ಸಂಬಂಧಿಸಿದ ಸಮಾನತೆ, ನಿಜ. ಆದರೆ ಕೆಳಗಿನಿಂದ ಮೇಲಕ್ಕೆ, ಸಣ್ಣವನ ಮಾತು ದೊಡ್ಡವನನ್ನು ಮುಟ್ಟುವ ದಾರಿ ಮಾತ್ರ ಆ ಕಲ್ಲಿನಲ್ಲಿ ಇಲ್ಲ. ಆ ದಾರಿ ತೆರೆಯಲು ಬಹುಕಾಲ ಕಾಯಬೇಕಾಯಿತು.

ದಸರೆಯ ಸಭೆ

1881ನೆಯ ಇಸವಿಯ ಮಾರ್ಚಿಯಲ್ಲಿ ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಪ್ರೇರಣೆಯಿಂದ ಪ್ರಜಾಪ್ರತಿನಿಧಿ ಸಭೆ ಸ್ಥಾಪಿತವಾಯಿತು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ಅದರ ಮೊದಲ ಅಧಿವೇಶನ. ಬಂದವರು 144 ಮಂದಿ. ಭಾರತದ ಯಾವ ಸಂಸ್ಥಾನದಲ್ಲಿಯೂ ಆಗ ಇಂಥದೊಂದು ಇರಲಿಲ್ಲವೆಂಬುದು ಮೈಸೂರಿಗರು ಇಂದಿಗೂ ಎದೆಯುಬ್ಬಿಸಿ ಹೇಳುವ ಮಾತು.

ಎದೆಯುಬ್ಬಿಸುವುದಕ್ಕೆ ಕಾರಣವಿದೆ, ಆದರೆ ಒಳಹೊಕ್ಕು ನೋಡಿದರೆ ಉಸಿರು ಕೊಂಚ ಇಳಿಯುತ್ತದೆ. ಬಂದ ಪ್ರತಿನಿಧಿಗಳನ್ನು ಪ್ರಜೆಗಳು ಆರಿಸಿರಲಿಲ್ಲ. ತಾಲ್ಲೂಕಿಗೆ ಒಬ್ಬಿಬ್ಬರು ಅನುಕೂಲಸ್ಥ ರೈತರನ್ನೂ ಜಿಲ್ಲೆಗೆ ಕೆಲವರು ವರ್ತಕರನ್ನೂ ಕಚೇರಿಗಳೇ ಆಯ್ದು ಕಳುಹಿಸಿದ್ದುವು. ಅವರು ದಿವಾನರ ವರದಿಯನ್ನು ಕೇಳಬಹುದಿತ್ತು, ಅಹವಾಲು ಹೇಳಿಕೊಳ್ಳಬಹುದಿತ್ತು. ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರ ಹೊತ್ತಿಗೆ, ಚುನಾವಣೆಯೆಂಬುದು ಬಂತು. ಅದೂ ಇಂತಿಷ್ಟು ಕಂದಾಯ ಕಟ್ಟುವವನಿಗೆ, ಇಂತಿಷ್ಟು ಆಸ್ತಿಯುಳ್ಳವನಿಗೆ. ಮೊಳಕಾಲ್ಮುರಿನ ಕುರಿಗಾಹಿಗೆ, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನಿಗೆ, ಊರ ಹೊರಗಿನ ಕೇರಿಯವನಿಗೆ ಅದರಿಂದ ಆದದ್ದೇನೂ ಇಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಬಲ ಬಂತು. ಪ್ರತಿ ಹೆಜ್ಜೆಯೂ ಮುಂದಕ್ಕೇ. ಆದರೂ ಜವಾಬ್ದಾರಿ ಸರ್ಕಾರ ಬೇಕಾದರೆ 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ಜನ ಬೀದಿಗೆ ಇಳಿಯಬೇಕಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಹಳೆಯ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರಿಡುವವರು ಈ ಅರುವತ್ತಾರು ವರ್ಷಗಳನ್ನು ಒಮ್ಮೆ ಲೆಕ್ಕಹಾಕಬೇಕು.

1952ರಲ್ಲಿ ನಡೆದದ್ದು ಮಾತ್ರ ಹೆಜ್ಜೆಯಲ್ಲ, ಜಿಗಿತ. ಇಪ್ಪತ್ತೊಂದು ತುಂಬಿದ ಗಂಡು ಹೆಣ್ಣು ಎಲ್ಲರಿಗೂ ಒಂದೊಂದು ಮತ. ಓದು ಬೇಡ, ಕಂದಾಯದ ಪಾವತಿ ಬೇಡ, ಜಾತಿ ಕೇಳುವವರಿಲ್ಲ. ಜಮೀನ್ದಾರನ ಮತವೂ ಒಂದು, ಅವನ ಹೊಲದ ಜೀತದಾಳಿನದೂ ಒಂದು. 61ನೆಯ ತಿದ್ದುಪಡಿಯಿಂದಾಗಿ 1989ರಲ್ಲಿ ಆ ವಯಸ್ಸು ಹದಿನೆಂಟಕ್ಕೆ ಇಳಿಯಿತು.

ಈ ಒಂದು ಮತದ ಶಕ್ತಿಯೇನೆಂಬುದನ್ನು ಇದೇ ಚಿತ್ರದುರ್ಗ ಜಿಲ್ಲೆ 1962ರಲ್ಲಿ ತೋರಿಸಿಕೊಟ್ಟಿತು. ಎಸ್. ನಿಜಲಿಂಗಪ್ಪನವರು ಆಗ ರಾಜ್ಯದ ಕಾಂಗ್ರೆಸ್ಸಿನ ಮಹಾನಾಯಕರು. ಮುಂದಿನ ಮುಖ್ಯಮಂತ್ರಿ ಅವರೇ ಎಂಬ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಹೊಸದುರ್ಗದ ಮತದಾರರಿಗೆ ಮಾತ್ರ ಇತ್ತು. ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರೆದುರು ನಿಜಲಿಂಗಪ್ಪನವರು ಸೋತರು. ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದ ಬಳಿಕ ಪಟ್ಟವನ್ನು ಅವರಿಗೆ ಒಪ್ಪಿಸಿದರು. ಗೆದ್ದ ಪಕ್ಷದ ನಾಯಕನನ್ನೇ ಸ್ವಂತ ಜಿಲ್ಲೆಯ ಒಕ್ಕಲುಮಕ್ಕಳು ಹೊಸ್ತಿಲಿನಲ್ಲಿ ತಡೆದು ನಿಲ್ಲಿಸಿದ ಈ ಪ್ರಸಂಗ ರಂಗಾಚಾರ್ಲು ಅವರ ಕಾಲದಲ್ಲಿ ಊಹೆಗೂ ನಿಲುಕುತ್ತಿರಲಿಲ್ಲ.

ಮತದೊಂದಿಗೆ ಬೇರೆ ಬಾಗಿಲುಗಳೂ ತೆರೆದುವು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಉಳುವವನಿಗೆ ಭೂಮಿ ಕೊಡುವ ಕಾಯಿದೆ ಬಿಗಿಯಾಯಿತು. ಹಿಂದುಳಿದವರ ಸ್ಥಿತಿಯನ್ನು ಅರಿಯಲು ನೇಮಿಸಿದ ಎಲ್. ಜಿ. ಹಾವನೂರ ಆಯೋಗ 1975ರಲ್ಲಿ ವರದಿ ಒಪ್ಪಿಸಿತು. ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಇವೆಲ್ಲ ಸಮಾನತೆಯ ಖಾತೆಗೆ ಜಮೆಯಾದ ಬಾಬುಗಳೇ. ಎಲ್ಲವೂ ಜಮೆಯಾಗಿಯೇ ಉಳಿಯಲಿಲ್ಲ. ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಕಟ್ಟುಗಳನ್ನು 2020ರಲ್ಲಿ ಸಡಿಲಿಸಲಾಯಿತು.

ತಲೆಗಳು ಹೆಚ್ಚಿದುವು, ಕುರ್ಚಿಗಳು ಹೆಚ್ಚಲಿಲ್ಲ

ಇನ್ನು ಖರ್ಚಿನ ಬಾಬುಗಳನ್ನು ನೋಡಬೇಕು. ಮೊದಲನೆಯದು ಬರಿಯ ಅಂಕಗಣಿತ.

1951ರ ಜನಗಣತಿಯಲ್ಲಿ ಅಂದಿನ ಮೈಸೂರು ರಾಜ್ಯದ ಜನಸಂಖ್ಯೆ 90 ಲಕ್ಷವನ್ನು ಕೊಂಚ ಮೀರಿತ್ತು. ವಿಧಾನಸಭೆಯ ಸ್ಥಾನಗಳು 99. ಎಂದರೆ ಸುಮಾರು 92 ಸಾವಿರ ಜನರಿಗೆ ಒಬ್ಬ ಶಾಸಕ. ಏಕೀಕರಣದ ನಂತರ ರಾಜ್ಯ ಬೆಳೆಯಿತು, ಸಭೆಯೂ ಬೆಳೆಯಿತು. 1978ರಲ್ಲಿ ಸ್ಥಾನಗಳು 224ಕ್ಕೆ ಬಂದು ನಿಂತುವು. ಅದಕ್ಕೆ ಆಧಾರವಾದ 1971ರ ಗಣತಿಯಂತೆ ಜನ 2 ಕೋಟಿ 93 ಲಕ್ಷ. ಒಬ್ಬ ಶಾಸಕನಿಗೆ 1 ಲಕ್ಷ 31 ಸಾವಿರ. 2011ರ ಗಣತಿಯಲ್ಲಿ ಜನ 6 ಕೋಟಿ 11 ಲಕ್ಷ. ಸ್ಥಾನಗಳು ಅದೇ 224. ಒಬ್ಬ ಶಾಸಕನ ಪಾಲಿಗೆ ಬಂದ ತಲೆಗಳು 2 ಲಕ್ಷ 73 ಸಾವಿರ. ಅಜ್ಜನ ಕಾಲದಲ್ಲಿ ಒಬ್ಬನ ಮಾತು ಕೇಳಲು ಇದ್ದ ಸಮಯದಲ್ಲಿ ಮೊಮ್ಮಗನ ಕಾಲಕ್ಕೆ ಮೂವರು ಸರದಿಯಲ್ಲಿ ನಿಂತಂತಾಯಿತು.

ಇದು ಯಾರದೋ ಕುತಂತ್ರವಲ್ಲ. ಕುಟುಂಬ ಯೋಜನೆಯನ್ನು ನಿಷ್ಠೆಯಿಂದ ನಡೆಸಿದ ರಾಜ್ಯಗಳು ಅದೇ ಕಾರಣಕ್ಕೆ ಲೋಕಸಭೆಯಲ್ಲಿ ಸ್ಥಾನ ಕಳೆದುಕೊಳ್ಳಬಾರದೆಂದು 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 2001ರ ವರೆಗೆ ಕಟ್ಟಿಹಾಕಿತು. 84ನೆಯ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಗಣತಿಯವರೆಗೆ ಬೆಳೆಸಿತು. ಕಟ್ಟು ಬಿಚ್ಚಿದರೆ ಉತ್ತರದ ರಾಜ್ಯಗಳ ತೂಕ ಹೆಚ್ಚಿ ದಕ್ಷಿಣದ ಧ್ವನಿ ಕುಗ್ಗೀತೆಂಬ ಭಯ ಕನ್ನಡಿಗರಿಗೂ ಇದೆ. ಅದು ನಿರಾಧಾರವಾದ ಭಯವಲ್ಲ. ರಾಜ್ಯ ರಾಜ್ಯಗಳ ನಡುವಣ ನ್ಯಾಯಕ್ಕೂ ಪ್ರಜೆ ಮತ್ತು ಪ್ರತಿನಿಧಿಯ ನಡುವಣ ಸಾಮೀಪ್ಯಕ್ಕೂ ಹೀಗೆ ಜಗಳ ಬಿದ್ದಿದೆ.

ಅಮೆರಿಕದಲ್ಲಿಯೂ ನಡೆದಿರುವುದು ಹೆಚ್ಚುಕಡಮೆ ಇದೇ ಕಥೆ. ಅಲ್ಲಿಯ ಪ್ರತಿನಿಧಿ ಸಭೆಯ ಸಂಖ್ಯೆ 1913ರಿಂದ 435ರಲ್ಲಿಯೇ ನಿಂತಿದೆ. ಆಗ ಒಬ್ಬ ಪ್ರತಿನಿಧಿಗೆ ಸುಮಾರು 2 ಲಕ್ಷ 10 ಸಾವಿರ ಜನ. 2020ರ ಗಣತಿಯಂತೆ ಸುಮಾರು 7 ಲಕ್ಷ 60 ಸಾವಿರ. ಸೆನೆಟ್ಟಿನಲ್ಲಂತೂ ಆರು ಲಕ್ಷವನ್ನೂ ಮುಟ್ಟದ ವಯೋಮಿಂಗ್ ಸಂಸ್ಥಾನಕ್ಕೆ ಇಬ್ಬರು, ನಾಲ್ಕು ಕೋಟಿಯ ಸಮೀಪವಿರುವ ಕ್ಯಾಲಿಫೋರ್ನಿಯಕ್ಕೂ ಇಬ್ಬರೇ. 2000 ಮತ್ತು 2016ರಲ್ಲಿ ಕಡಮೆ ಮತ ಪಡೆದವರೇ ಅಧ್ಯಕ್ಷರಾದರು. ಹಾಗೆಂದು ಅಲ್ಲಿ ಎಲ್ಲವೂ ಹಿಂದಕ್ಕೇ ಹೋಯಿತೆನ್ನುವಂತಿಲ್ಲ. ಸೆನೆಟರುಗಳನ್ನು ಜನರೇ ಆರಿಸುವ ಪದ್ಧತಿ ಬಂದದ್ದು 1913ರಲ್ಲಿ; ಹೆಂಗಸರ ಮತಕ್ಕೆ ರಾಷ್ಟ್ರವ್ಯಾಪಿ ರಕ್ಷಣೆ 1920ರಲ್ಲಿ; ದಕ್ಷಿಣದ ಕರಿಯರ ಮತಕ್ಕೆ ನಿಜವಾದ ರಕ್ಷಣೆ 1965ರಲ್ಲಿ. ಆ 1965ರ ಕಾಯಿದೆಯ ಮುಖ್ಯ ಭಾಗವೊಂದನ್ನು ಅಲ್ಲಿಯ ಸುಪ್ರೀಂ ಕೋರ್ಟು 2013ರಲ್ಲಿ ನಿಷ್ಪ್ರಯೋಜಕಗೊಳಿಸಿತು. ಅದಕ್ಕೂ ಮೊದಲೇ, 2010ರಲ್ಲಿ, ಕಂಪನಿಗಳು ಚುನಾವಣೆಯ ಪ್ರಚಾರಕ್ಕೆ ಸ್ವತಂತ್ರವಾಗಿ ಹಣ ಸುರಿಯುವುದಕ್ಕಿದ್ದ ತಡೆಯನ್ನು ಕಿತ್ತಿತ್ತು. ಮುಂದಕ್ಕೆ ನಾಲ್ಕು ಹೆಜ್ಜೆ, ಹಿಂದಕ್ಕೆ ಎರಡು. ಯಾವುದು ಎಷ್ಟೆಂಬುದೇ ಅವರ ಜಗಳ.

ಮತ ಹಾಕುವ ಹಕ್ಕು, ಮತ ಕೇಳುವ ಹಕ್ಕು

ಹಣದ ವಿಚಾರದಲ್ಲಿ ನಮ್ಮವರು ಅಮೆರಿಕದವರಿಂದ ಪಾಠ ಕಲಿಯಬೇಕಾದ ಅಗತ್ಯವಿಲ್ಲ. 1951ರ ಕಾಯಿದೆಯಲ್ಲಿ ವಿಧಾನಸಭೆಗೆ ನಿಲ್ಲುವವನು ಇಡಬೇಕಾಗಿದ್ದ ಠೇವಣಿ 250 ರೂಪಾಯಿ. ಈಗ 10,000, ಪರಿಶಿಷ್ಟರಿಗೆ ಅದರಲ್ಲಿ ಅರ್ಧ. ಠೇವಣಿಯೇನೂ ದೊಡ್ಡ ಅಡ್ಡಿಯಲ್ಲ. ಒಬ್ಬ ಅಭ್ಯರ್ಥಿ ಮಾಡಬಹುದಾದ ವೆಚ್ಚಕ್ಕೆ 2022ರಲ್ಲಿ ಗೊತ್ತುಪಡಿಸಿದ ಮಿತಿ 40 ಲಕ್ಷ ರೂಪಾಯಿ. ಮಿತಿಯೇ ಅಷ್ಟು! ಶೇಂಗಾ ಬೆಳೆದು ಅಷ್ಟು ಹಣ ಕಾಣಬೇಕಾದರೆ ಎಷ್ಟು ತಲೆಮಾರು ಬೇಕೆಂಬುದನ್ನು ದೇವಸಮುದ್ರದವರೇ ಹೇಳಬೇಕು. 2023ರ ವಿಧಾನಸಭಾ ಚುನಾವಣೆಯ ಕಾಲದಲ್ಲಿ ರಾಜ್ಯದಲ್ಲಿ ಅಧಿಕಾರಿಗಳು ಹಿಡಿದ ನಗದು, ಮದ್ಯ, ಕೊಡುಗೆ ವಸ್ತುಗಳ ಮೌಲ್ಯವೇ 375 ಕೋಟಿ ರೂಪಾಯಿಗಳಷ್ಟು. ಹಿಡಿಯದೆ ಬಿಟ್ಟದ್ದನ್ನು ಲೆಕ್ಕವಿಟ್ಟವರಿಲ್ಲ. ಆ ಚುನಾವಣೆಯಲ್ಲಿ ಗೆದ್ದವರು ತಾವೇ ಸಲ್ಲಿಸಿದ ಪ್ರಮಾಣಪತ್ರಗಳಂತೆ ನೂರಕ್ಕೆ ತೊಂಬತ್ತೇಳು ಮಂದಿ ಕೋಟ್ಯಧೀಶರು. 224 ಸ್ಥಾನಗಳಲ್ಲಿ ಗೆದ್ದು ಬಂದ ಹೆಂಗಸರು ಹತ್ತೇ ಮಂದಿ.

ಮತ ಹಾಕುವ ಹಕ್ಕು ಎಲ್ಲರಿಗೂ ಸಮಾನವಾಯಿತು. ಮತ ಕೇಳುವ ಹಕ್ಕು ಕಾಗದದ ಮೇಲೆ ಸಮಾನವಾಗಿಯೇ ಉಳಿಯಿತು. ಮೀಸಲು ಕ್ಷೇತ್ರವೂ ಈ ಕಟ್ಟಿನಿಂದ ಹೊರಗಲ್ಲ. 2018ರಲ್ಲಿ ಮೊಳಕಾಲ್ಮುರಿನಿಂದ ಗೆದ್ದ ಬಿ. ಶ್ರೀರಾಮುಲು ಅವರು ಬಳ್ಳಾರಿಯ ಪ್ರಬಲ ನಾಯಕರು. ಅದೇ ಚುನಾವಣೆಯಲ್ಲಿ ಬಾದಾಮಿಯಿಂದಲೂ ನಿಂತು ಅಲ್ಲಿ ಸೋತರು. 2023ರಲ್ಲಿ ಬಳ್ಳಾರಿ ಗ್ರಾಮಾಂತರಕ್ಕೆ ಹೋದರು. ಇದರಲ್ಲಿ ಕಾಯಿದೆಗೆ ವಿರುದ್ಧವಾದದ್ದು ಯಾವುದೂ ಇಲ್ಲ, ಎಲ್ಲ ಪಕ್ಷಗಳಲ್ಲಿಯೂ ಇದು ನಡೆಯುತ್ತದೆ. ಆದರೆ ಒಂದು ಸೀಮೆಯ ಜನ ತಮ್ಮೊಳಗಿಂದ ಒಬ್ಬನನ್ನು ಆರಿಸಿ ಕಳುಹಿಸುವುದಕ್ಕೂ, ದೊಡ್ಡ ಪಕ್ಷ ಆರಿಸಿ ಕಳುಹಿಸಿದವನನ್ನು ಒಪ್ಪುವುದಕ್ಕೂ ಅಂತರವಿದೆಯಲ್ಲವೇ?

ನಡುಮನೆ ಖಾಲಿ

ಈ ದೂರವನ್ನು ಕಂಡೇ ಹಳ್ಳಿಯ ಮಟ್ಟದಲ್ಲಿ ಸರ್ಕಾರವನ್ನು ಕಟ್ಟಬೇಕೆಂಬ ಯೋಚನೆ ಹುಟ್ಟಿದ್ದು. 1959ರ ಮೈಸೂರು ಕಾಯಿದೆ ಗ್ರಾಮ ಪಂಚಾಯಿತಿಗಳನ್ನೂ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನೂ ತಂದಿತು. ಜಿಲ್ಲೆಯ ಮಟ್ಟದಲ್ಲಿ ಮಾತ್ರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪರಿಷತ್ತು. ಎಂದರೆ ಕೀಲಿಕೈ ಅಧಿಕಾರಿಯ ಸೊಂಟದಲ್ಲಿಯೇ ಉಳಿಯಿತು.

ಆ ಕೀಲಿಕೈಯನ್ನು ಬಿಚ್ಚಿ ಜನರ ಕೈಗೆ ಕೊಡಲು ಹೊರಟವರು ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಗುಂಡ್ಲುಪೇಟೆಯ ಈ ಸರಳ ಮನುಷ್ಯನನ್ನು, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ಕಾರಣ, ಜನ ‘ನೀರ್ ಸಾಬ್’ ಎಂದರು. ದೊಡ್ಡ ಬಿರುದುಗಳನ್ನು ಹೊತ್ತು ಮರೆತುಹೋದ ಮಂತ್ರಿಗಳು ಎಷ್ಟೋ ಮಂದಿ. ನೀರಿನ ಹೆಸರು ಹೊತ್ತವನನ್ನು ಬಯಲುಸೀಮೆ ಮರೆಯದು. 1983ರ ಕಾಯಿದೆ ಅವರ ಕೃತಿ. ಅದರಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. ನಾಲ್ಕರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ. ದೇಶದ ಬೇರೆಡೆ ಅಂಥ ಮಾತನ್ನು ಆಡುವವರೂ ಆಗ ವಿರಳ. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಮಂತ್ರಿಯ ದರ್ಜೆ; ಅವನ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಹಿರಿಯ ಐ. ಎ. ಎಸ್. ಅಧಿಕಾರಿ. ಕಂದಾಯ ವಸೂಲಿಗೆಂದು ಕಂಪನಿಯ ಕಾಲದಲ್ಲಿ ಹುಟ್ಟಿದ ಜಿಲ್ಲಾಡಳಿತದ ತಲೆಯ ಮೇಲೆ ಮತದಿಂದ ಬಂದವನೊಬ್ಬ ಕುಳಿತದ್ದು ಅದೇ ಮೊದಲು. ನಜೀರ್ ಸಾಬ್ 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರು ನೆಟ್ಟ ಗಿಡವೂ ಹೆಚ್ಚುಕಾಲ ನೀರು ಕಾಣಲಿಲ್ಲ. ಐದು ವರ್ಷದ ಅವಧಿ 1992ರಲ್ಲಿ ಮುಗಿದಾಗ ಹೊಸ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದು ಕುಳಿತರು.

ಇಂಥ ನೆಪಗಳಿಗೆ ಎಡೆಯಿರಬಾರದೆಂದೇ ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದು. 1993ರ ಏಪ್ರಿಲ್ 24ರಿಂದ ಅದು ಜಾರಿಯಲ್ಲಿದೆ. ಪಂಚಾಯಿತಿಗಳ ಅವಧಿ ಐದೇ ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಯಬೇಕು. ಅದನ್ನು ನಡೆಸಲು ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗ. ಇಷ್ಟು ಬಿಗಿಯಾಗಿ ಬರೆದ ಮಾತಿಗೆ ಎರಡರ್ಥವಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟೂ ಸ್ಥಳೀಯ ಸಂಸ್ಥೆಗಳ ವಿಷಯದಲ್ಲಿ ಇದನ್ನೇ ಒತ್ತಿ ಹೇಳಿತು.

ಕರ್ನಾಟಕದ 1993ರ ಕಾಯಿದೆಯಂತೆ ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಅಂಕಣದ ಮನೆ ಎದ್ದಿತು. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಶಾಸಕನ 2 ಲಕ್ಷ 73 ಸಾವಿರದ ಮುಂದೆ ಈ 400 ಎಂಬ ಅಂಕಿಯನ್ನು ಇಟ್ಟು ನೋಡಿದರೆ ಸಾಮೀಪ್ಯವೆಂದರೇನೆಂಬುದು ತಿಳಿಯುತ್ತದೆ. ಸದಸ್ಯನ ಮನೆಯ ಬಾಗಿಲು ಯಾವುದೆಂದು ಮಗುವಿಗೂ ಗೊತ್ತು. ತಪ್ಪು ಮಾಡಿದರೆ ಅವನ ತಾಯಿಗೇ ದೂರು ಹೇಳಬಹುದು. 2010ರಲ್ಲಿ ಹೆಂಗಸರ ಪಾಲನ್ನು ಅರ್ಧಕ್ಕೆ ಏರಿಸಲಾಯಿತು. 2023ರಲ್ಲಿ ವಿಧಾನಸಭೆಗೆ ಹತ್ತೇ ಮಂದಿ ಹೆಂಗಸರು ಗೆದ್ದು ಬಂದ ರಾಜ್ಯದಲ್ಲಿ, ಸುಮಾರು 6,000 ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಅವರದು. ಸಮಾನತೆ ಹೆಚ್ಚಿದೆಯೇ ಎಂದು ಕೇಳುವವರಿಗೆ ತೋರಿಸಬಹುದಾದ ಅತ್ಯುತ್ತಮ ಸಾಕ್ಷಿ ಇದೇ. ಗಂಡನೇ ಅಧಿಕಾರ ನಡೆಸುವ ಪ್ರಸಂಗಗಳಿಲ್ಲವೇ ಎಂದರೆ ಇವೆ. 2020ರ ಡಿಸೆಂಬರಿನ ಚುನಾವಣೆಯಲ್ಲಿ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿಗಳೂ ಬಂದು ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಮನೆಗೆ ಇಲಿ ಬಂತೆಂದು ಮನೆಯನ್ನೇ ಕೆಡವುವರೇ?

ಕೆಡವಲಿಲ್ಲ, ನಡುಮನೆಗೆ ಬೀಗ ಹಾಕಿದರು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಆರಿಸಿಬಂದವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಚುನಾವಣಾ ಆಯೋಗ ಸಿದ್ಧತೆಯಲ್ಲಿದ್ದಾಗಲೇ ಸರ್ಕಾರ ಕಾಯಿದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಕೆಲಸವನ್ನು ಬೇರೊಂದು ಆಯೋಗಕ್ಕೆ ವಹಿಸಿತು. ವಿಂಗಡಣೆ ಮುಗಿದರೆ ಮೀಸಲಾತಿ ಉಳಿಯಿತು. ಮೀಸಲಾತಿಯ ಮಾತು ಎದ್ದರೆ ನ್ಯಾಯಾಲಯದ ದಿನಾಂಕ ಉಳಿಯಿತು. ವಿಳಂಬಕ್ಕಾಗಿ 2022ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಸರ್ಕಾರಕ್ಕೆ ಐದು ಲಕ್ಷ ರೂಪಾಯಿ ದಂಡ ವಿಧಿಸಿತು. 2023ರಲ್ಲಿ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಬೀಗ ಬದಲಾಗಲಿಲ್ಲ. ಅವಧಿ ಮುಗಿದು ನಾಲ್ಕು ವರ್ಷ ತುಂಬಿದ 2025ರ ಮೇ ತಿಂಗಳಿನಲ್ಲಿಯೂ ಆ ಸಭಾಂಗಣಗಳಿಗೆ ಚುನಾಯಿತ ಸದಸ್ಯನೊಬ್ಬನೂ ಇರಲಿಲ್ಲ. ರಾಜಧಾನಿಯ ಸ್ಥಿತಿಯೂ ಭಿನ್ನವಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದದ್ದು, ಹೊಸ ಚುನಾವಣೆ ಕಾಣದೆಯೇ 2025ರಲ್ಲಿ ಆ ಪಾಲಿಕೆ ಐದಾಗಿ ಒಡೆಯಿತು.

ಇದರಿಂದ ದೇವಸಮುದ್ರದ ಮನೆವಾರ್ತೆಗೆ ಏನು ನಷ್ಟ? ಒಂದು ಉದಾಹರಣೆಯನ್ನು ಊಹಿಸಿಕೊಂಡರೆ ಸಾಕು. ಒಂದು ಕೇರಿಯ ಕೊಳವೆಬಾವಿ ಬತ್ತಿತೆನ್ನಿ. ಪಂಪು ಕೆಟ್ಟಿದ್ದರೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಸರಿಪಡಿಸಿಯಾನು. ಹತ್ತು ಹಳ್ಳಿಗೆ ನೀರು ತರುವ ದೊಡ್ಡ ಯೋಜನೆ ಬೇಕಾದರೆ, ಪ್ರೌಢಶಾಲೆಗೆ ಕೊಠಡಿ ಬೇಕಾದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯ ಬೇಕಾದರೆ ಮಾತು ತಾಲ್ಲೂಕಿಗೆ, ಜಿಲ್ಲೆಗೆ ಹೋಗಬೇಕು. ಅಲ್ಲಿ ಈ ಸೀಮೆಯ ಹೆಸರು ಹಿಡಿದು ಎದ್ದು ನಿಂತು ಗದ್ದಲ ಮಾಡುವ ಸದಸ್ಯನೊಬ್ಬ ಇರಬೇಕಾಗಿತ್ತು. ಅವನಿಲ್ಲ. ಅವನ ಜಾಗದಲ್ಲಿ ಆಡಳಿತಾಧಿಕಾರಿ. ಒಳ್ಳೆಯವರೇ ಇರಬಹುದು, ದಕ್ಷರೇ ಇರಬಹುದು, ಆದರೆ ಮುಂದಿನ ವರ್ಷ ವರ್ಗವಾಗಿ ಹೋಗುವವರು. ಉಳಿದದ್ದು ಒಂದೇ ಬಾಗಿಲು, ಶಾಸಕರದು. ಕೈಯಲ್ಲಿ ಅರ್ಜಿ ಹಿಡಿದು ಆ ಬಾಗಿಲಲ್ಲಿ ಕಾಯುವ ಪ್ರಜೆಗೂ, ದಸರೆಯ ಸಭೆಯಲ್ಲಿ ಅಹವಾಲು ಹೇಳಿಕೊಂಡ ಪ್ರತಿನಿಧಿಗೂ ಇರುವ ವ್ಯತ್ಯಾಸ ದಿನೇ ದಿನೇ ತೆಳ್ಳಗಾಗುತ್ತಿದೆ.

ತಾಲ್ಲೂಕು ಪಂಚಾಯಿತಿಗೆ ಕೆಲಸವೂ ಇಲ್ಲ, ಕಾಸೂ ಇಲ್ಲ, ಇದ್ದರೆಷ್ಟು ಬಿಟ್ಟರೆಷ್ಟು ಎನ್ನುವವರಿದ್ದಾರೆ. ಕಾಸು ಕೊಡದೆ ಕೆಲಸವಿಲ್ಲವೆನ್ನುವುದು, ಊಟ ಕೊಡದೆ ಆಳು ಸೊರಗಿದನೆಂದು ದೂರಿದಂತೆ. ಚುನಾಯಿತ ಸಂಸ್ಥೆಯಿಲ್ಲದ ಕಡೆಗೆ ಕೇಂದ್ರ ಹಣಕಾಸು ಆಯೋಗದ ಅನುದಾನವೂ ಬರುವುದಿಲ್ಲವೆಂಬ ನಿಬಂಧನೆಯೊಂದಿದೆ. ಚುನಾವಣೆ ಮುಂದೆಹೋದಷ್ಟೂ ಹಣವೂ ಮುಂದೆಹೋಗುತ್ತದೆ. ಆಳುವವರಿಗೆ ಇದು ತಿಳಿಯದೆಂದಲ್ಲ. ಜಿಲ್ಲಾ ಪಂಚಾಯಿತಿಯ ಚುರುಕಾದ ಸದಸ್ಯ ನಾಳೆಯ ಶಾಸಕನಾಗುವ ಹುಮ್ಮಸ್ಸಿನವನೆಂಬುದೂ ಇಂದಿನ ಶಾಸಕರಿಗೆ ತಿಳಿಯದೆಂದಲ್ಲ.

ಹಳೆಯ ಗೆರೆ, ಹೊಸ ಅಳತೆ

ದೇವಸಮುದ್ರದ ಮಟ್ಟಿಗೆ ಇನ್ನೊಂದು ತೊಡಕೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಗೆದ್ದವರು ಸೀಮೆಗಳನ್ನು ಹಂಚಿಕೊಂಡರು. ಬಳ್ಳಾರಿ ನಿಜಾಮರ ಕೈಯಲ್ಲಿದ್ದು 1800ರಲ್ಲಿ ಕಂಪನಿಗೆ ಸೇರಿತು, ಮದ್ರಾಸಿನ ಪಾಲಾಯಿತು. ಮೊಳಕಾಲ್ಮುರು ಮೈಸೂರಿನಲ್ಲಿ ಉಳಿಯಿತು. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂದು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಗೆರೆ ಅಳಿಸಿತೆಂದು ಜನ ಭಾವಿಸಿದರು. 2012ರಲ್ಲಿ ಪಾರ್ಲಿಮೆಂಟು ಒಪ್ಪಿದ 98ನೆಯ ತಿದ್ದುಪಡಿ ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಿ, ಹಿಂದುಳಿದ ಹೈದರಾಬಾದು ಕರ್ನಾಟಕಕ್ಕೆ ಶಿಕ್ಷಣದಲ್ಲಿ, ನೌಕರಿಯಲ್ಲಿ, ಅಭಿವೃದ್ಧಿ ಹಣದಲ್ಲಿ ವಿಶೇಷ ಪಾಲು ಕೊಟ್ಟಿತು. ನಿಜಾಮರನ್ನು ಎಂದೋ ಮರೆತಿದ್ದ ಬಳ್ಳಾರಿಯೂ ಅದರೊಳಗೆ ಬಂತು. ಮೊಳಕಾಲ್ಮುರು ಬರಲಿಲ್ಲ.

ಅಸಮಾನತೆಯನ್ನು ತೊಡೆಯಲೆಂದೇ ಬಂದ, ನ್ಯಾಯವಾದ ವಿಧಿಯದು. ಅದರಿಂದ ಕಲಬುರಗಿ, ರಾಯಚೂರುಗಳ ಎಷ್ಟೋ ಬಡ ಮಕ್ಕಳು ವೈದ್ಯರಾದರು, ಇಂಜಿನಿಯರಾದರು. ಆದರೆ ಒಂದೇ ಮಳೆ ನಂಬಿದ, ಒಂದೇ ಭಾಷೆಯಾಡುವ, ಒಂದೇ ಮನೆತನದ ನಂಟರು ಗಡಿಯ ಎರಡು ಬದಿಗಿದ್ದಾರೆ. ಬಳ್ಳಾರಿಯ ಕಡೆ ಇರುವ ಅಕ್ಕನ ಮಗನಿಗೆ ಕಾಲೇಜಿನ ಸೀಟಿನಲ್ಲಿ ಪಾಲುಂಟು. ದೇವಸಮುದ್ರದ ತಂಗಿಯ ಮಗನಿಗೆ ಅದು ಇಲ್ಲ. ಈ ತಾಲ್ಲೂಕನ್ನೂ ಆ ವಿಧಿಯೊಳಕ್ಕೆ ಸೇರಿಸಬೇಕೆಂಬ ಕೂಗು ಆಗಾಗ ಏಳುತ್ತದೆ. ಏಳುವುದು ಬೀದಿಯಲ್ಲಿ, ಅದನ್ನು ನಿರ್ಣಯವನ್ನಾಗಿ ಮಾಡಿ ಮೇಲಕ್ಕೆ ಕಳುಹಿಸಬೇಕಾದ ಜಿಲ್ಲಾ ಸಭೆಗೆ ಬೀಗ.

ಇಷ್ಟಾದರೂ ಮತಗಟ್ಟೆಯ ಮುಂದಣ ಸಾಲು ಮೊಟಕಾಗಿಲ್ಲ. 2023ರಲ್ಲಿ ರಾಜ್ಯದ ಮತದಾರರಲ್ಲಿ ನೂರಕ್ಕೆ 73ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಗ್ರಾಮಸಭೆಗಳೂ ನಡೆಯುತ್ತಿವೆ. ಮತದಾರರಲ್ಲಿ ಹತ್ತರಲ್ಲೊಂದು ಪಾಲು, ಇಲ್ಲವೆ ನೂರು ಜನ, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟು ಮಂದಿ ಸೇರಿದರೆ ಸಭೆ ಊರ್ಜಿತ. ಊರ ನೂರು ಜನ ಕೂತು ನಮಗೆ ಇದು ಬೇಕು ಎಂದರೆ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕು. ಬರೆದುಕೊಂಡ ಕಾಗದ ಅಲ್ಲಿಂದ ಮೊಳಕಾಲ್ಮುರಿಗೆ ಹೋಗುತ್ತದೆ. ಮೊಳಕಾಲ್ಮುರಿನಿಂದ ಚಿತ್ರದುರ್ಗಕ್ಕೆ ಹೋಗುತ್ತದೆ. ಅದನ್ನು ತೆರೆದು ಓದಿ, ಯಾಕೆ ಆಗಲಿಲ್ಲವೆಂದು ಮೇಜು ಗುದ್ದಿ ಕೇಳುವ ಸದಸ್ಯನನ್ನು ಆ ಎರಡು ಸಭೆಗಳಿಗೂ ದೇವಸಮುದ್ರ 2016ರಲ್ಲಿ ಆರಿಸಿ ಕಳುಹಿಸಿತ್ತು.